ಒಂದೇ ವಾಲ್ವ್ ಕೆಂಪಾಗುತ್ತದೆ, ಫ್ಯೂಸ್ ನಿಲ್ಲುವುದಿಲ್ಲ: ಗಿಟಾರ್ ಆಂಪ್ಲಿಫೈಯರ್‌ನಲ್ಲಿ ದೋಷ ಹುಡುಕುವುದು ಹೇಗೆ?

ಪ್ರಶ್ನೆ: ಅಮೆರಿಕದಲ್ಲಿದ್ದಾಗ ಕೊಂಡ ಫೆಂಡರ್ 65 ಡೀಲಕ್ಸ್ ರಿವರ್ಬ್ ಆಂಪ್ಲಿಫೈಯರನ್ನು (ಹಳೆಯದಲ್ಲ, ಈಚಿನ ಮರುತಯಾರಿಕೆ) ಬೆಂಗಳೂರಿಗೆ ತಂದಿದ್ದೇನೆ. 230 ವೋಲ್ಟನ್ನು 120ಕ್ಕೆ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಮೂಲಕ ಬಳಸುತ್ತೇನೆ. ಕೆಲವು ವಾರಗಳ ಹಿಂದೆ ಗಿಟಾರ್ ಜೋಡಿಸದಿದ್ದರೂ ಗುಂಯ್ ಎನ್ನುವ ಸದ್ದು ಶುರುವಾಯಿತು. ಆಮೇಲೆ, ಅರ್ಧ ಗಂಟೆ ನುಡಿಸಿದರೆ ಎರಡು ಪವರ್ ವಾಲ್ವುಗಳಲ್ಲಿ (ಸ್ಪೀಕರಿಗೆ ಶಕ್ತಿ ಕೊಡುವ ಗಾಜಿನ ನಿರ್ವಾತ ಕೊಳವೆಗಳು) ಒಂದು ಕೆಂಪಾಗತೊಡಗಿತು. ಈಗ, ವಾಲ್ವುಗಳು ಕಾದ ಮೇಲೆ ಹೆಚ್ಚಿನ ವೋಲ್ಟೇಜ್ ಹರಿಸುವ ಸ್ಟ್ಯಾಂಡ್‌ಬೈ ಸ್ವಿಚ್ ಹಾಕಿದ ಕೂಡಲೇ ಫ್ಯೂಸ್ ಹೋಗುತ್ತದೆ. ಒಬ್ಬರು ಒಂಬತ್ತೂ ವಾಲ್ವುಗಳನ್ನು ಬದಲಿಸಿ ಎಂದರು. ಇನ್ನೊಬ್ಬರು ದೊಡ್ಡ ಫ್ಯೂಸ್ ಹಾಕಿ ನೋಡಿ ಎಂದರು. ನನಗೆ ಬೆಸುಗೆ ಹಾಕಲು, ಮಲ್ಟಿಮೀಟರ್ ಬಳಸಲು ಬರುತ್ತದೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಎರಡೂ ಸಲಹೆಗಳನ್ನು ದಯವಿಟ್ಟು ಪಕ್ಕಕ್ಕಿಡಿ. ದೊಡ್ಡ ಫ್ಯೂಸ್ ಹಾಕಿದರೆ ಫ್ಯೂಸಿನ ಬದಲು ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಒಂಬತ್ತು ವಾಲ್ವುಗಳನ್ನು ಬದಲಿಸಿದರೆ ದುಬಾರಿ ಬೆಲೆಯ ಹೊಸ ಜೋಡಿಯೊಂದು ಅದೇ ಜಾಗದಲ್ಲಿ ಅದೇ ರೀತಿ ಸಾಯುತ್ತದೆ. ನೀವು ಬರೆದ ಲಕ್ಷಣಗಳ ಸರಣಿ ಬಹಳ ಬೆಲೆಯುಳ್ಳದ್ದು: ಮೊದಲು ಸದ್ದು, ನಂತರ ಕೆಂಪು, ಕೊನೆಗೆ ಫ್ಯೂಸ್. ಇವು ಮೂರು ಬೇರೆ ದೋಷಗಳಲ್ಲ. ನನ್ನ ಅಂದಾಜಿನಲ್ಲಿ ಒಂದೇ ದೋಷ ಮೂರು ಹಂತಗಳಲ್ಲಿ ಬೆಳೆದಿದೆ, ಮತ್ತು ಸತ್ತಿರುವ ವಾಲ್ವ್ ಅದರ ಕಾರಣವಲ್ಲ, ಅದಕ್ಕೆ ಬಲಿಯಾದದ್ದು.

ಹಾಗೆ ಹೇಳುವುದಕ್ಕೆ ಆಧಾರವಿದೆ. ಈ ಆಂಪ್ಲಿಫೈಯರ್‌ನಲ್ಲಿ ಎರಡು 6ವಿ6 ವಾಲ್ವುಗಳು ಜೋಡಿಯಾಗಿ, ಒಂದು ಎಳೆದರೆ ಇನ್ನೊಂದು ತಳ್ಳುವಂತೆ ಕೆಲಸ ಮಾಡುತ್ತವೆ. ಸುಮಾರು 415 ವೋಲ್ಟಿನ ಡಿಸಿ ಪೂರೈಕೆಯಲ್ಲಿ ಸ್ವಲ್ಪ ಏರಿಳಿತ ಯಾವಾಗಲೂ ಉಳಿದಿರುತ್ತದೆ. ಎರಡೂ ವಾಲ್ವುಗಳು ಸಮನಾದ ಕರೆಂಟ್ ಎಳೆಯುತ್ತಿರುವವರೆಗೆ ಆ ಏರಿಳಿತ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್‌ನ ಎರಡು ಅರ್ಧಗಳಲ್ಲಿ ಪರಸ್ಪರ ರದ್ದಾಗಿ ಸ್ಪೀಕರಿಗೆ ಬರುವುದೇ ಇಲ್ಲ. ಒಂದು ವಾಲ್ವ್ ಹೆಚ್ಚು ಎಳೆಯತೊಡಗಿದ ದಿನ ಆ ಸಮತೋಲ ತಪ್ಪುತ್ತದೆ, ಸದ್ದು ಕೇಳಿಸುತ್ತದೆ. ಇನ್ನೂ ಹೆಚ್ಚು ಎಳೆದರೆ ಪ್ಲೇಟ್ (ಕರೆಂಟ್ ಬಂದು ಸೇರುವ, ವಾಲ್ವಿನೊಳಗಿನ ಲೋಹದ ತಗಡು) ಕಾದು ಕೆಂಪಾಗುತ್ತದೆ. ಕಾದ ಲೋಹದ ಭಾಗಗಳು ಬಾಗಿ ಒಂದಕ್ಕೊಂದು ತಾಗಿದರೆ ಶಾರ್ಟ್ ಆಗುತ್ತದೆ, ಫ್ಯೂಸ್ ಹೋಗುತ್ತದೆ.

ಆ ಸದ್ದನ್ನು ಕಿವಿಯಿಂದಲೇ ಗುರುತಿಸಬಹುದು, ನೀವು ಗಿಟಾರ್ ವಾದಕರಾದ್ದರಿಂದ ಇನ್ನೂ ಸುಲಭ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ದಾಟಿ ಬಂದ ಏರಿಳಿತ ಅದರ ಇಮ್ಮಡಿ, 100 ಹರ್ಟ್ಸ್. ಆರನೆಯ ತಂತಿಯ ಮೂರನೆಯ ಫ್ರೆಟ್ ಒತ್ತಿದರೆ ಬರುವ ಜಿ ಸ್ವರ 98 ಹರ್ಟ್ಸ್. ಸದ್ದು ಆ ಸ್ವರಕ್ಕಿಂತ ಕೂದಲೆಳೆಯಷ್ಟು ಮೇಲಿದ್ದರೆ ದೋಷ ಡಿಸಿ ಪೂರೈಕೆಯಲ್ಲಿದೆ, ಅಂದರೆ ಆ ಏರಿಳಿತವನ್ನು ತಗ್ಗಿಸುವ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ, ಇಲ್ಲವೇ ಪವರ್ ವಾಲ್ವುಗಳ ಸಮತೋಲದಲ್ಲಿ. ಒಂದು ಆಕ್ಟೇವ್ ಕೆಳಗಿನ ಜಿ ಕೇಳಿಸಿದರೆ ಅದು 50 ಹರ್ಟ್ಸ್: ವಾಲ್ವನ್ನು ಒಳಗಿನಿಂದ ಕಾಯಿಸುವ ಹೀಟರಿನ ತಂತಿ, ಅರ್ತಿಂಗ್, ಅಥವಾ ಕವಚ ಸರಿಯಿಲ್ಲದ ಕೇಬಲ್. ಅಮೆರಿಕದ ಕೈಪಿಡಿಗಳಲ್ಲಿ 60 ಮತ್ತು 120 ಎಂದು ಓದಿದ್ದರೆ ಆ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ನಿಮ್ಮದು ಮೇಲಿನ ಜಿ ಎಂದೇ ನನ್ನ ಊಹೆ.

ಡಬ್ಬಿ ತೆರೆಯುವ ಮೊದಲು ಜೀವದ ಮಾತು. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್ ಉಳಿದಿರಬಹುದು. ಸ್ಟ್ಯಾಂಡ್‌ಬೈನಲ್ಲಿದ್ದಾಗಲೇ ಆಫ್ ಮಾಡಿದ್ದರೆ, ಅಥವಾ ನಿಮ್ಮ ಪ್ರಕರಣದಂತೆ ಫ್ಯೂಸ್ ಹೋಗಿ ನಿಂತಿದ್ದರೆ, ಅದು ಬಹಳ ಹೊತ್ತು ಉಳಿಯುತ್ತದೆ. 10 ಕಿಲೋಓಮ್, 5 ವ್ಯಾಟಿನ ಒಂದು ರೆಸಿಸ್ಟರಿಗೆ ನಿರೋಧಕ ಹೊದಿಕೆಯ ಕ್ಲಿಪ್ ತಂತಿಗಳನ್ನು ಬೆಸೆದುಕೊಳ್ಳಿ. ಒಂದು ತುದಿ ಮೊದಲು ಚಾಸಿಗೆ (ಆಂಪ್ಲಿಫೈಯರ್‌ನ ಲೋಹದ ಚೌಕಟ್ಟಿಗೆ), ಇನ್ನೊಂದು ಕೆಪಾಸಿಟರ್‌ನ ಧನ ತುದಿಗೆ. ಹತ್ತು ಸೆಕೆಂಡ್ ಹಿಡಿದು, ಮೀಟರಿನಲ್ಲಿ ಅಳೆದು, ಐದು ವೋಲ್ಟಿಗಿಂತ ಕೆಳಗಿಳಿದಿದೆ ಎಂದು ಖಚಿತಪಡಿಸಿಕೊಳ್ಳಿ. ಪ್ರತಿಯೊಂದು ಫಿಲ್ಟರ್ ಕೆಪಾಸಿಟರಿಗೂ ಇದನ್ನೇ ಮಾಡಿ. ಒಂದು ನಿಮಿಷ ಬಿಟ್ಟು ಮತ್ತೆ ಅಳೆಯಿರಿ, ಏಕೆಂದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಖಾಲಿಯಾದ ಮೇಲೂ ತಾವಾಗಿಯೇ ಸ್ವಲ್ಪ ವೋಲ್ಟೇಜನ್ನು ಮರಳಿ ತೋರಿಸುತ್ತವೆ. ಸ್ಕ್ರೂಡ್ರೈವರಿನಿಂದ ಕಿಡಿ ಹಾರಿಸಿ ಖಾಲಿ ಮಾಡುವ ಅಭ್ಯಾಸ ಬೇಡ.

ವಿದ್ಯುತ್ ಹರಿಯುತ್ತಿರುವಾಗ ಅಳೆಯಬೇಕಾದಲ್ಲೆಲ್ಲ ಒಂದೇ ಕ್ರಮ ಇರಲಿ: ಆಫ್ ಇದ್ದಾಗ ಕ್ಲಿಪ್ ಹಾಕುವುದು, ಕೈ ತೆಗೆಯುವುದು, ಆನ್ ಮಾಡಿ ಓದುವುದು, ಆಫ್ ಮಾಡಿ ಖಾಲಿ ಮಾಡಿ ಕ್ಲಿಪ್ ತೆಗೆಯುವುದು. ನಿಧಾನವೆನಿಸುತ್ತದೆ. ಆದರೆ ಪ್ರೋಬ್ ಜಾರಿ ಪಕ್ಕದ ಪಿನ್ನಿಗೆ ತಾಗುವ ಅಪಾಯ ಇದರಿಂದ ಪೂರ್ತಿ ತಪ್ಪುತ್ತದೆ. ಮನೆಯಲ್ಲಿ ಒಬ್ಬರೇ ಇರುವಾಗ ಈ ಕೆಲಸಕ್ಕೆ ಕೂರಬೇಡಿ. ಸ್ಪೀಕರ್ ಸದಾ ಜೋಡಿಸಿಯೇ ಇರಲಿ. ಅದಿಲ್ಲದೆ ನುಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಳಾಗಬಹುದು.

ಇನ್ನು ಸ್ಟೆಪ್‌ಡೌನ್. ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಳವಳಕ್ಕೀಡುಮಾಡಿದ್ದು ಇದೇ. ಅಂಗಡಿಯಲ್ಲಿ ಸಿಗುವ ಎಷ್ಟೋ ಸ್ಟೆಪ್‌ಡೌನ್‌ಗಳಲ್ಲಿ ಔಟ್‌ಪುಟ್‌ಗೆ ಎರಡೇ ಪಿನ್ ಇರುತ್ತದೆ, ಅಥವಾ ಮೂರನೆಯ ರಂಧ್ರವಿದ್ದರೂ ಒಳಗೆ ಅದಕ್ಕೆ ತಂತಿಯೇ ಇರುವುದಿಲ್ಲ. ಅಂದರೆ ಆಂಪ್ಲಿಫೈಯರ್‌ನ ಚಾಸಿಗೆ, ಅದರ ಮೂಲಕ ನಿಮ್ಮ ಗಿಟಾರಿನ ತಂತಿಗಳಿಗೆ ಅರ್ತ್ ಇಲ್ಲ. ಒಳಗೆ ಏನಾದರೂ ಶಾರ್ಟ್ ಆದ ದಿನ ಅರ್ತ್ ಆಗುವವರು ನೀವೇ. ಎಲ್ಲವನ್ನೂ ಗೋಡೆಯ ಸಾಕೆಟ್‌ನಿಂದ ಕಿತ್ತು, ಚಾಸಿಯ ಸ್ಕ್ರೂಗೂ ಸ್ಟೆಪ್‌ಡೌನ್‌ನ ಗೋಡೆ ಪ್ಲಗ್ಗಿನ ದಪ್ಪ ಪಿನ್ನಿಗೂ ನಡುವೆ ಅಳೆಯಿರಿ. ಒಂದು ಓಮ್‌ನ ಒಳಗೆ ತೋರಿಸಬೇಕು. ತೋರಿಸದಿದ್ದರೆ ಮಿಕ್ಕ ಯಾವ ಪರೀಕ್ಷೆಗೂ ಮುನ್ನ ಅದನ್ನು ಸರಿಪಡಿಸಿ. ಸದ್ದು ಕಡಿಮೆಯಾಗುತ್ತದೆಂದು ಅರ್ತ್ ಪಿನ್ ಮುರಿಯುವವರಿದ್ದಾರೆ. ಎಂಥ ಸದ್ದಿಗೂ ಅದು ಪರಿಹಾರವಲ್ಲ.

ವೋಲ್ಟೇಜನ್ನೂ ಅಳೆಯಿರಿ. ಈ ಪೆಟ್ಟಿಗೆಗಳು ಯಾವುದನ್ನೂ ಸ್ಥಿರಗೊಳಿಸುವುದಿಲ್ಲ, ಬರೀ ಒಂದು ಅನುಪಾತದಲ್ಲಿ ಇಳಿಸುತ್ತವೆ. 230ಕ್ಕೆ 120 ಕೊಡುವ ಪೆಟ್ಟಿಗೆ, ಲೋಡ್ ಕಡಿಮೆಯಿರುವ ರಾತ್ರಿ ಹೊತ್ತಿನಲ್ಲಿ ಲೈನ್ 250ಕ್ಕೆ ಏರಿದರೆ 130 ಕೊಡುತ್ತದೆ. ಆಗ 6.3 ವೋಲ್ಟಿನ ಹೀಟರಿಗೆ 6.8, 415 ಇರಬೇಕಾದ ಪ್ಲೇಟ್ ಪೂರೈಕೆಗೆ 450. ಜೊತೆಗೆ, ಅಮೆರಿಕದ ಮಾರುಕಟ್ಟೆಯ ಟ್ರಾನ್ಸ್‌ಫಾರ್ಮರ್ 60 ಹರ್ಟ್ಸಿಗೆ ಮಾಡಿದ್ದು. 50 ಹರ್ಟ್ಸಿನಲ್ಲಿ ಅದೇ ವೋಲ್ಟೇಜ್ ಕೊಟ್ಟರೆ ಅದರ ಕಬ್ಬಿಣದ ತಿರುಳಿನಲ್ಲಿ ಕಾಂತೀಯ ಹೊರೆ ಐದನೇ ಒಂದು ಭಾಗ ಹೆಚ್ಚಾಗುತ್ತದೆ, ಬಿಸಿಯೂ ಹೆಚ್ಚು. ಆದ್ದರಿಂದ ಇಲ್ಲಿ 120ರದ್ದಕ್ಕಿಂತ 110 ವೋಲ್ಟಿನ ಸ್ಟೆಪ್‌ಡೌನ್ ಒಳ್ಳೆಯದು. 300 ವಿಎ ಸಾಮರ್ಥ್ಯಕ್ಕಿಂತ ಕಡಿಮೆಯದು ಬೇಡ. 110ರಲ್ಲಿ ಹೀಟರಿಗೆ ಸುಮಾರು 5.8 ವೋಲ್ಟ್ ಸಿಗುತ್ತದೆ, ಅದು ಹತ್ತು ಶೇಕಡಾ ಮಿತಿಯೊಳಗೇ ಇದೆ. ಶಾಶ್ವತವಾಗಿ ಇಲ್ಲಿಯೇ ಇರುವುದಾದರೆ 230 ವೋಲ್ಟ್, 50 ಹರ್ಟ್ಸಿನ ಪವರ್ ಟ್ರಾನ್ಸ್‌ಫಾರ್ಮರ್ ಹಾಕಿಸಿ ಸ್ಟೆಪ್‌ಡೌನ್‌ನ ಗೊಡವೆಯನ್ನೇ ಬಿಡುವುದು ಉತ್ತಮ.

ಈಗ ಫ್ಯೂಸಿಗೆ ಬರೋಣ. ಹೋದ ಫ್ಯೂಸುಗಳನ್ನು ಎಸೆದಿಲ್ಲವಾದರೆ ಬೆಳಕಿಗೆ ಹಿಡಿದು ನೋಡಿ. ಗಾಜಿನ ಒಳಮೈ ಕಪ್ಪಾಗಿ, ಬೆಳ್ಳಿ ಬಳಿದಂತಾಗಿದ್ದರೆ ನೇರ ಶಾರ್ಟ್. ತಂತಿ ನಡುವೆ ಮಾತ್ರ ಕರಗಿ ತುಂಡಾಗಿದ್ದರೆ ನಿಧಾನವಾಗಿ ಏರಿದ ಹೊರೆ. ಇನ್ನು ಮುಂದೆ ಹಿಂಬದಿಯ ಫಲಕದ ಮೇಲೆ ಬರೆದಿರುವಷ್ಟೇ ಆಂಪಿಯರಿನ, ಅದೇ ಬಗೆಯ ಫ್ಯೂಸ್ ಮಾತ್ರ.

ಪರೀಕ್ಷೆಯ ಹೊತ್ತಿನಲ್ಲಿ ಫ್ಯೂಸುಗಳನ್ನು ಸುಡದಿರಲು ಒಂದು ಬಲ್ಬಿನ ಕಾವಲು ಮಾಡಿಕೊಳ್ಳಿ. ಎಸ್.ಪಿ. ರಸ್ತೆಯಲ್ಲಿ ಒಂದು ಹೋಲ್ಡರ್, ಸಾಕೆಟ್, ಪ್ಲಗ್ ತಂದು, 100 ವ್ಯಾಟಿನ ಹಳೆಯ ಬಗೆಯ ಫಿಲಮೆಂಟ್ ಬಲ್ಬನ್ನು ಫೇಸ್ ತಂತಿಯಲ್ಲಿ ಸರಣಿಯಾಗಿ ಜೋಡಿಸಿದರೆ ಮುಗಿಯಿತು. ಎಲ್‌ಇಡಿ ಬಲ್ಬ್ ಇದಕ್ಕೆ ಬರುವುದಿಲ್ಲ. ನಿಮ್ಮ ವ್ಯವಸ್ಥೆಯಲ್ಲಿ ಈ ಬಲ್ಬ್ ಸ್ಟೆಪ್‌ಡೌನ್‌ಗಿಂತ ಮೊದಲು, 230 ವೋಲ್ಟಿನ ಬದಿಯಲ್ಲಿರಬೇಕು. 120ರ ಬದಿಯಲ್ಲಿ ಹಾಕಿದರೆ 230 ವೋಲ್ಟಿನ ಬಲ್ಬ್ ಆಂಪ್ಲಿಫೈಯರನ್ನು ವಿಪರೀತ ಹಸಿವಿನಲ್ಲಿಡುತ್ತದೆ, ಫಲಿತಾಂಶ ದಾರಿ ತಪ್ಪಿಸುತ್ತದೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ಣ ಪ್ರಕಾಶದಲ್ಲಿ ಉರಿಯುತ್ತದೆ. ಇಲ್ಲದಿದ್ದರೆ ಆನ್ ಮಾಡಿದಾಗ ಒಮ್ಮೆ ಮಿಂಚಿ ಮಂಕಾಗುತ್ತದೆ.

ಬಲ್ಬನ್ನು ನಂಬಿ ಹೀಗೆ ಸಾಗಿ. ರೆಕ್ಟಿಫೈಯರ್ ವಾಲ್ವ್ ಜಿಝಡ್34 ಮತ್ತು ಎರಡು 6ವಿ6ಗಳನ್ನು ತೆಗೆದು ಆನ್ ಮಾಡಿ. ಆಗಲೂ ಬಲ್ಬ್ ಪ್ರಖರವಾಗಿದ್ದರೆ ದೋಷ ಪವರ್ ಟ್ರಾನ್ಸ್‌ಫಾರ್ಮರ್‌ನಲ್ಲಿ ಅಥವಾ ಹೀಟರ್ ತಂತಿಗಳಲ್ಲಿದೆ. ನಿಮಗೆ ಸ್ಟ್ಯಾಂಡ್‌ಬೈ ಹಾಕಿದ ಮೇಲಷ್ಟೇ ಫ್ಯೂಸ್ ಹೋಗುವುದರಿಂದ ಹೀಗಾಗುವ ಸಂಭವ ಕಡಿಮೆ. ನಂತರ ಜಿಝಡ್34 ಒಂದನ್ನೇ ಹಾಕಿ, ಸ್ಟ್ಯಾಂಡ್‌ಬೈ ಸ್ವಿಚ್ ಹಾಕಿ. ಈಗ ಬಲ್ಬ್ ಉರಿದರೆ ಆ ವಾಲ್ವ್ ಅಥವಾ ಫಿಲ್ಟರ್ ಕೆಪಾಸಿಟರ್ ಶಾರ್ಟ್ ಆಗಿದೆ. ಮಂಕಾಗಿಯೇ ಉಳಿದರೆ ಪೂರೈಕೆ ಕ್ಷೇಮ. ಆಮೇಲೆ 6ವಿ6ಗಳನ್ನು ಒಂದೊಂದಾಗಿ ಹಾಕಿ. ಕೆಂಪಾಗುತ್ತಿದ್ದ ವಾಲ್ವ್ ಹಾಕಿದಾಗ ಬಲ್ಬ್ ಉರಿದರೆ ಅದು ಒಳಗೆ ಶಾರ್ಟ್ ಆಗಿರುವುದು ಖಚಿತ, ಅದನ್ನು ಮತ್ತೆ ಎಲ್ಲಿಯೂ ಬಳಸಬೇಡಿ. ಅದರ ಸಾಕೆಟ್‌ನಲ್ಲಿ 470 ಓಮ್‌ನ ಸ್ಕ್ರೀನ್ ರೆಸಿಸ್ಟರ್ ಇರುತ್ತದೆ. ಶಾರ್ಟ್ ಆದಾಗ ಮೊದಲು ಸುಡುವ ಭಾಗಗಳಲ್ಲಿ ಅದೂ ಒಂದು, ಅಳೆದು ನೋಡಿ.

ಬಹುಪಾಲು ಜನ ಇಲ್ಲಿಗೆ ನಿಲ್ಲಿಸುತ್ತಾರೆ. ಸತ್ತ ವಾಲ್ವ್ ಸಿಕ್ಕಿತು, ಹೊಸದು ಹಾಕಿದೆವು, ಎಲ್ಲ ಸರಿಹೋಯಿತು ಎಂದು. ಆದರೆ ಅದು ಏಕೆ ಸತ್ತಿತು ಎಂಬುದಕ್ಕೆ ಇನ್ನೂ ಉತ್ತರ ಸಿಕ್ಕಿಲ್ಲ.

6ವಿ6 ಒಳಗೆ ಕರೆಂಟನ್ನು ನಿಯಂತ್ರಿಸುವ ತಂತಿಜಾಲ ಗ್ರಿಡ್. ಅದರ ಮೇಲಿರುವ ಋಣ ವೋಲ್ಟೇಜು, ಅಂದರೆ ಬಯಾಸ್, ನಲ್ಲಿಯ ತಿರುಪಿನ ಹಾಗೆ. ಈ ಆಂಪ್ಲಿಫೈಯರ್‌ನಲ್ಲಿ ಅದು ಮೈನಸ್ 35ರ ಆಸುಪಾಸಿನಲ್ಲಿದ್ದು ಕರೆಂಟನ್ನು ಬಿಗಿಹಿಡಿದಿರುತ್ತದೆ. ಎರಡೂ ವಾಲ್ವುಗಳು ಕೆಂಪಾದರೆ ಆ ಋಣ ವೋಲ್ಟೇಜನ್ನು ತಯಾರಿಸುವ ಭಾಗವೇ ಕೆಟ್ಟಿದೆ ಎಂದರ್ಥ: ಅಲ್ಲಿಯ ಡಯೋಡ್ ಅಥವಾ ಕೆಪಾಸಿಟರ್. ಒಂದೇ ಕೆಂಪಾಗುತ್ತಿದ್ದರೆ ಮೂರು ಸಾಧ್ಯತೆಗಳು: ಆ ವಾಲ್ವೇ ಕೆಟ್ಟದ್ದು, ಆ ಗ್ರಿಡ್ಡಿಗೆ ಬರುವ ಬಯಾಸ್ ದಾರಿ ತುಂಡಾಗಿದೆ, ಅಥವಾ ಹಿಂದಿನ ಹಂತದಿಂದ ಧ್ವನಿಯ ಸಂಕೇತವನ್ನು ಮಾತ್ರ ದಾಟಿಸಿ ಡಿಸಿಯನ್ನು ತಡೆಯಬೇಕಾದ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿದೆ. ವಾಲ್ವ್ ಇನ್ನೂ ಬದುಕಿದ್ದ ದಿನಗಳಲ್ಲಾದರೆ ಎರಡನ್ನೂ ಅದಲುಬದಲು ಮಾಡಿ ನೋಡಬಹುದಿತ್ತು. ಕೆಂಪು ವಾಲ್ವಿನ ಜೊತೆ ಹೋದರೆ ವಾಲ್ವಿನ ದೋಷ, ಸಾಕೆಟ್‌ನಲ್ಲಿಯೇ ಉಳಿದರೆ ಸರ್ಕ್ಯೂಟಿನದ್ದು. ಈಗ ಮೀಟರನ್ನೇ ಕೇಳಬೇಕು.

ಎರಡು 6ವಿ6ಗಳನ್ನೂ ತೆಗೆದು, ಉಳಿದ ಎಲ್ಲವನ್ನೂ ಹಾಕಿ, ಬಲ್ಬಿನ ಕಾವಲಿನಲ್ಲಿಯೇ ಆನ್ ಮಾಡಿ, ಎರಡೂ ಸಾಕೆಟ್‌ಗಳ 5ನೆಯ ಪಿನ್ನನ್ನು ಚಾಸಿಗೆ ಹೋಲಿಸಿ ಅಳೆಯಿರಿ. ಬಲ್ಬ್ ಇರುವುದರಿಂದ ಅಂಕಿಗಳು ಸ್ವಲ್ಪ ಕಡಿಮೆ ಬರುತ್ತವೆ. ಮುಖ್ಯವಾದದ್ದು ಎರಡೂ ಒಂದೇ ಆಗಿವೆಯೇ ಎಂಬುದು. ಒಂದು ಪಿನ್ನಿನಲ್ಲಿ ಋಣ ವೋಲ್ಟೇಜ್ ಸರಿಯಿದ್ದು ಇನ್ನೊಂದರಲ್ಲಿ ಏನೂ ಇಲ್ಲದಿದ್ದರೆ ದಾರಿ ತುಂಡಾಗಿದೆ: 220 ಕಿಲೋಓಮ್‌ನ ರೆಸಿಸ್ಟರ್, 1.5 ಕಿಲೋಓಮ್‌ನ ಗ್ರಿಡ್ ರೆಸಿಸ್ಟರ್, ಅಥವಾ ಬೋರ್ಡಿನಲ್ಲಿ ಬಿರುಕುಬಿಟ್ಟ ಬೆಸುಗೆ. ಒಂದರಲ್ಲಿ ಋಣ ಕಡಿಮೆಯಿದ್ದು, ಬಿಸಿಯಾದಂತೆ ಇನ್ನೂ ಕಡಿಮೆಯಾಗುತ್ತಿದ್ದರೆ ಕೆಪಾಸಿಟರ್ ಸೋರುತ್ತಿದೆ. ಅರ್ಧ ಗಂಟೆ ನುಡಿಸಿದ ಮೇಲಷ್ಟೇ ಕೆಂಪಾಗುತ್ತಿತ್ತು ಎಂದು ಬರೆದಿದ್ದೀರಲ್ಲ, ಆ ಒಂದು ಮಾತಿಗಾಗಿ ನಾನು ಈ ಕೆಪಾಸಿಟರನ್ನೇ ಮೊದಲು ಅನುಮಾನಿಸುತ್ತೇನೆ. ಹಾಗಾಗಿ ಅಳೆಯುವಾಗ ಆತುರ ಬೇಡ. ತಣ್ಣಗಿರುವಾಗ ಒಮ್ಮೆ, ಚೆನ್ನಾಗಿ ಕಾದ ಮೇಲೆ ಒಮ್ಮೆ ಓದಿ.

ಎಷ್ಟು ಸಣ್ಣ ಸೋರಿಕೆ ಎಷ್ಟು ದೊಡ್ಡ ಹಾನಿ ಮಾಡುತ್ತದೆ ನೋಡಿ. ಆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್‌ನ ಒಂದು ತುದಿಯಲ್ಲಿ ಹಿಂದಿನ ವಾಲ್ವಿನ ಪ್ಲೇಟ್, ಸುಮಾರು 230 ವೋಲ್ಟ್. ಇನ್ನೊಂದು ತುದಿಯಲ್ಲಿ 6ವಿ6ನ ಗ್ರಿಡ್, ಅದು 220 ಕಿಲೋಓಮ್ ಮೂಲಕ ಮೈನಸ್ 35ಕ್ಕೆ ಕಟ್ಟಿಹಾಕಿದೆ. ಕೆಪಾಸಿಟರ್ ಒಳಗೆ 10 ಮೆಗಾಓಮ್‌ನಷ್ಟು ಸೋರಿಕೆ ಹುಟ್ಟಿದೆ ಎಂದುಕೊಳ್ಳಿ. ಸುಮಾರು 26 ಮೈಕ್ರೋಆಂಪಿಯರ್ ಹರಿಯುತ್ತದೆ, 220 ಕಿಲೋಓಮ್‌ನಲ್ಲಿ ಅದು 5.7 ವೋಲ್ಟ್ ಆಗುತ್ತದೆ, ಮೈನಸ್ 35 ಇದ್ದದ್ದು ಮೈನಸ್ 29 ಆಗುತ್ತದೆ. ವಾಲ್ವಿನ ನಿಶ್ಚಲ ಕರೆಂಟ್ (ನುಡಿಸದಿರುವಾಗಲೂ ಹರಿಯುವುದು) ಹತ್ತಿರ ಹತ್ತಿರ ದುಪ್ಪಟ್ಟಾಗಲು ಅಷ್ಟು ಸಾಕು. ಸೋರಿಕೆ 2 ಮೆಗಾಓಮ್‌ಗೆ ಇಳಿದರೆ ಗ್ರಿಡ್ ಮೈನಸ್ 9ಕ್ಕೆ ಬರುತ್ತದೆ, ವಾಲ್ವಿಗೆ ತಡೆಯೇ ಇರುವುದಿಲ್ಲ. ಅದೇ ಕೆಪಾಸಿಟರನ್ನು ಬಿಚ್ಚಿ ಮಲ್ಟಿಮೀಟರಿನಲ್ಲಿ ಅಳೆದರೆ 0.1 ಎಂದು ನಿಷ್ಕಳಂಕವಾಗಿ ತೋರಿಸಬಹುದು, ಏಕೆಂದರೆ ಮೀಟರ್ ಕೊಡುವುದು ಕೆಲವೇ ವೋಲ್ಟ್; ಸೋರಿಕೆ ಹೊರಬೀಳುವುದು ನೂರಾರು ವೋಲ್ಟಿನ ಒತ್ತಡದಲ್ಲಿ, ಬಿಸಿಯಲ್ಲಿ.

ಆದ್ದರಿಂದ ಅದನ್ನು ಇದ್ದ ಜಾಗದಲ್ಲಿಯೇ ಪರೀಕ್ಷಿಸಿ. ಆಫ್ ಮಾಡಿ, ಖಾಲಿ ಮಾಡಿ, ಗ್ರಿಡ್ ಕಡೆಯ ಕಾಲನ್ನು ಮಾತ್ರ ಬೆಸುಗೆಯಿಂದ ಬಿಡಿಸಿ ಮೇಲೆತ್ತಿ. ಆ ಸಡಿಲ ಕಾಲಿಗೆ ಮೀಟರಿನ ಕೆಂಪು ಕ್ಲಿಪ್, ಚಾಸಿಗೆ ಕಪ್ಪು ಕ್ಲಿಪ್. ಮೀಟರ್ ಡಿಸಿ ವೋಲ್ಟಿನಲ್ಲಿರಲಿ. ಆನ್ ಮಾಡಿದಾಗ ಅಂಕಿ ಒಮ್ಮೆ ಮೇಲೆ ನೆಗೆದು, ಕೆಲವು ಸೆಕೆಂಡುಗಳಲ್ಲಿ ಸೊನ್ನೆಯ ಬಳಿಗೆ ಇಳಿಯಬೇಕು. ಇಳಿಯದೆ ಹತ್ತಾರು ವೋಲ್ಟಿನಲ್ಲಿ ನಿಂತರೆ ಕಳ್ಳ ಸಿಕ್ಕಿದ. ಸಾಮಾನ್ಯ ಡಿಜಿಟಲ್ ಮೀಟರಿನ ಒಳರೋಧ 10 ಮೆಗಾಓಮ್, ಹಾಗಾಗಿ ಮೇಲೆ ಹೇಳಿದ 10 ಮೆಗಾಓಮ್ ಸೋರಿಕೆ ಇಲ್ಲಿ 115 ವೋಲ್ಟಿನಷ್ಟು ಎದ್ದು ಕಾಣುತ್ತದೆ. ಬದಲಿಗೆ 630 ವೋಲ್ಟಿನ ಫಿಲ್ಮ್ ಕೆಪಾಸಿಟರ್ ಹಾಕಿ, ಎರಡೂ ಬದಿಯದನ್ನು ಒಟ್ಟಿಗೇ ಬದಲಿಸಿ. ಇದರ ಬೆಲೆ ಒಂದು 6ವಿ6ಗೆ ಹೋಲಿಸಿದರೆ ಏನೇನೂ ಅಲ್ಲ.

ಸಣ್ಣ ವಾಲ್ವುಗಳ ವಿಷಯ ಬೇಗ ಮುಗಿಸಬಹುದು. ನಾಲ್ಕು 12ಎಎಕ್ಸ್7, ಎರಡು 12ಎಟಿ7 ಇವೆ. ಇವು ಫ್ಯೂಸ್ ಸುಡುವುದು ಅಪರೂಪ, ವರ್ಷಗಟ್ಟಲೆ ಬಾಳುತ್ತವೆ. ಮುಂದೆ ಎಂದಾದರೂ ಸರಸರ, ಚಟಪಟ ಎನ್ನುವ ಸದ್ದು ಬಂದರೆ ಪವರ್ ವಾಲ್ವಿನ ಪಕ್ಕದ 12ಎಟಿ7 ತೆಗೆಯಿರಿ. ಸದ್ದು ನಿಂತರೆ ದೋಷ ಅಲ್ಲಿ ಅಥವಾ ಅದಕ್ಕಿಂತ ಹಿಂದೆ. ಅದನ್ನು ಮರಳಿ ಹಾಕಿ ಇನ್‌ಪುಟ್ ಕಡೆಗೆ ಒಂದೊಂದಾಗಿ ತೆಗೆಯುತ್ತ ಹೋದರೆ ಹಂತ ಸಿಗುತ್ತದೆ. ಒಣಗಿದ ಬಿದಿರಿನ ಕಡ್ಡಿಯಿಂದ ಬಿಡಿಭಾಗಗಳನ್ನು ಮೆಲ್ಲಗೆ ತಟ್ಟಿದರೆ ಸಡಿಲ ಬೆಸುಗೆಯೂ ಬಯಲಾಗುತ್ತದೆ. ಪೆನ್ಸಿಲ್ ಬೇಡ, ಅದರ ಸೀಸದಲ್ಲಿ ಕರೆಂಟ್ ಹರಿಯುತ್ತದೆ.

ಎಲ್ಲ ಸರಿಯಾದ ಮೇಲೆ ಹೊಂದಾಣಿಕೆಯಾದ ಹೊಸ 6ವಿ6 ಜೋಡಿ ಹಾಕಿ, ಮೊದಲು ಬಲ್ಬಿನೊಡನೆ, ನಂತರ ಬಲ್ಬಿಲ್ಲದೆ ಆನ್ ಮಾಡಿ. ಬಯಾಸನ್ನು ಕೊನೆಯದಾಗಿ ಹೊಂದಿಸುವುದು ಬಲ್ಬಿಲ್ಲದ ಸ್ಥಿತಿಯಲ್ಲಿಯೇ. ಪ್ರತಿ ವಾಲ್ವಿನ 8ನೆಯ ಪಿನ್ನಿಗೂ ಚಾಸಿಗೂ ನಡುವೆ 1 ಓಮ್‌ನ ರೆಸಿಸ್ಟರ್ ಬೆಸೆದಿಟ್ಟರೆ ಅದರ ಮೇಲಿನ ಮಿಲಿವೋಲ್ಟೇ ಮಿಲಿಆಂಪಿಯರ್ ಆಗಿ ಓದಲು ಸಿಗುತ್ತದೆ, ಅಪಾಯದ ವೋಲ್ಟೇಜ್ ಮುಟ್ಟಬೇಕಾಗಿಲ್ಲ. 415 ವೋಲ್ಟಿನಲ್ಲಿ 20ರಿಂದ 22 ಮಿಲಿಆಂಪಿಯರ್ ಇದ್ದರೆ ವಾಲ್ವಿಗೆ ನೆಮ್ಮದಿ, ಧ್ವನಿಯೂ ತುಂಬಿಕೊಂಡಿರುತ್ತದೆ. ದೀಪ ಆರಿಸಿ ಒಂದು ಗಂಟೆ ಕಣ್ಣಿಟ್ಟು ನೋಡಿ. ನಡುವೆ ಕಾಣುವ ಕಿತ್ತಳೆ ಬಣ್ಣದ ಕಾವು ಹೀಟರಿನದು, ಗಾಜಿನ ಒಳಮೈಯಲ್ಲಿ ತೇಲುವ ನೀಲಿ ಛಾಯೆ ಸಹಜ. ಬೂದು ಬಣ್ಣದ ಪ್ಲೇಟಿನ ಲೋಹವೇ ಕೆಂಪೇರುವುದು ಮಾತ್ರ ಅಪಾಯ. ಅದು ಕಂಡರೆ ಕ್ಷಣ ತಡಮಾಡದೆ ಆಫ್ ಮಾಡಿ.

ಟ್ರಾನ್ಸ್‌ಫಾರ್ಮರ್ ಪರೀಕ್ಷೆಯಲ್ಲಿಯೇ ಬಲ್ಬ್ ಉರಿದರೆ, ಅಥವಾ ಈ ವೋಲ್ಟೇಜುಗಳ ಬಳಿ ಕೈ ನಡುಗಿದರೆ, ವಾಲ್ವ್ ರೇಡಿಯೋ ಕಾಲದ ಕೆಲಸಗಾರರನ್ನು ಹುಡುಕಿ. ಜಾಲಹಳ್ಳಿಯ ಬಿಇಎಲ್ ಒಂದು ಕಾಲದಲ್ಲಿ ವಾಲ್ವುಗಳನ್ನು ತಯಾರಿಸುತ್ತಿದ್ದ ಊರು ಇದು, ಆ ವಿದ್ಯೆ ಬಲ್ಲ ಹಿರಿಯರು ಇನ್ನೂ ಇದ್ದಾರೆ. ಹೋಗುವಾಗ ಎರಡೂ 5ನೆಯ ಪಿನ್ನುಗಳ ವೋಲ್ಟೇಜ್, ಸ್ಟೆಪ್‌ಡೌನ್‌ನ ಔಟ್‌ಪುಟ್, ಯಾವ ಹಂತದಲ್ಲಿ ಬಲ್ಬ್ ಉರಿಯಿತು ಎಂಬುದನ್ನು ಬರೆದುಕೊಂಡು ಹೋಗಿ. ಆ ಸ್ಟೆಪ್‌ಡೌನನ್ನೂ ಜೊತೆಗೆ ಒಯ್ಯಿರಿ. ಕೆಂಪಾಗದೆ ಉಳಿದ ಆ ಇನ್ನೊಂದು 6ವಿ6 ಎಸೆಯಬೇಡಿ; ಸಾಕೆಟ್ ಪರೀಕ್ಷಿಸುವಾಗ ಹೊಸ ವಾಲ್ವನ್ನು ಅಪಾಯಕ್ಕೊಡ್ಡುವ ಬದಲು ಅದನ್ನು ಹಾಕಬಹುದು.